ಕೈ ಹಿಡಿದಿಟ್ಟದ್ದು ತಪ್ಪಾ?

ಜುಲೈ 8, 2025, ಮಂಗಳವಾರ
ಮಂಗಳೂರು

ಬೆಳಗ್ಗಿನಿಂದ ಬಿಡದೆ ಮಳೆ. ಸಂಜೆ ನಾಲ್ಕಕ್ಕೆ ಅವಳು ಬಂದಳು. ಇಲ್ಲೇ ಒಂದು ಥೆರಪಿ ಸೆಂಟರಿನಲ್ಲಿ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುವ ಹುಡುಗಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕೂತವಳೇ ಚೂಡಿದಾರದ ತೋಳು ಮೇಲೆ ಸರಿಸಿದಳು. ಮುಂಗೈ ಮೇಲೆ ಹಲ್ಲಿನ ಗುರುತು, ಸುತ್ತ ನೀಲಿಗಟ್ಟಿತ್ತು.

"ಕಚ್ಚಿದ್ದು ಪರವಾಗಿಲ್ಲ ಮೇಡಂ. ಆ ಹುಡುಗ ತನ್ನ ತಲೆಗೆ ತಾನೇ ಗುದ್ದಿಕೊಳ್ತಾ ಇದ್ದ. ನಾನು ಎರಡೂ ಕೈ ಗಟ್ಟಿ ಹಿಡಿದಿಟ್ಟೆ. ಅದು ತಪ್ಪಾ?"

"ಎಷ್ಟು ಹೊತ್ತು?"

"ಅವನು ನಿಲ್ಲಿಸುವವರೆಗೆ. ಆಮೇಲೂ ಸ್ವಲ್ಪ ಹೊತ್ತು. ನಂಗೆ ಹೆದರಿಕೆ ಆಗಿತ್ತು."

'ಆಮೇಲೂ ಸ್ವಲ್ಪ ಹೊತ್ತು' ಅಂತ ಬಾಯಿಬಿಟ್ಟು ಹೇಳಲಿಕ್ಕೆ ಎಷ್ಟು ಧೈರ್ಯ ಬೇಕು, ಅಲ್ವಾ?

ರೋಶನಿ ನಿಲಯ ಕಾಲೇಜಿನಲ್ಲಿ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಮುಗಿಸಿ ನಾನು ಮೊದಲು ಸೇರಿದ್ದು ಮನೋರೋಗ ವಾರ್ಡಿಗೆ. ಆಗಿನ್ನೂ 2017ರ ಮಾನಸಿಕ ಆರೋಗ್ಯ ಕಾಯಿದೆ ಬಂದಿರಲಿಲ್ಲ. ರೋಗಿಯನ್ನು ಮಂಚಕ್ಕೆ ಕಟ್ಟಿದರೆ ಯಾಕೆ ಅಂತ ಕೇಳುವವರು ಕಡಿಮೆ. ಈಗ ಸರಪಳಿ ಹಾಕುವ ಹಾಗೇ ಇಲ್ಲ, ಒಂಟಿಯಾಗಿ ಕೂಡಿಹಾಕುವ ಹಾಗಿಲ್ಲ. ತಡೆದು ಹಿಡಿಯುವುದು ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅದೂ ಎಷ್ಟು ಬೇಕೋ ಅಷ್ಟೇ ಹೊತ್ತು. ಶಿಕ್ಷೆ ಕೊಡಲಿಕ್ಕೆ ಹಿಡಿಯಬಾರದು, ಸಿಬ್ಬಂದಿ ಸಾಲದು ಅಂತಲೂ ಹಿಡಿಯಬಾರದು. ಹಿಡಿದರೆ ಬರೆದಿಡಬೇಕು. ಇದು ಆಸ್ಪತ್ರೆಗಳಿಗೆ ಇರುವ ಕಾಯಿದೆ. ಆದರೂ ಅವಳಿಗೆ ಒಂದೊಂದೇ ಬಿಡಿಸಿ ಹೇಳಿದೆ. ಆಸ್ಟ್ರೇಲಿಯಾದಲ್ಲಿ, ಇಂಥ ನಡವಳಿಕೆ ಇರುವವರಿಗೆ ನೆರವಿನ ಯೋಜನೆ ಮಾಡುವ ಬಿಹೇವಿಯರ್ ಸಪೋರ್ಟ್ ಪ್ರಾಕ್ಟೀಷನರ್‌ಗಳು ಇಂಥ ಐದು ಬಗೆಯ ನಿರ್ಬಂಧಗಳನ್ನು ಕಡಿಮೆ ಮಾಡುತ್ತಾ ಬರಬೇಕು, ಬಳಸಿದ್ದಕ್ಕೆ ವರದಿ ಹೋಗಬೇಕು ಅಂತಲೂ ಹೇಳಿದೆ.

"ನಮ್ಮಲ್ಲಿ ಯಾರಿಗೆ ಹೇಳುದು ಮೇಡಂ?"

ಮಗುವಿಗೆ ಥೆರಪಿ ಉಂಟು, ತಾಯಿಗೆ ಕೌನ್ಸೆಲಿಂಗ್ ಉಂಟು. ಕಚ್ಚಿಸಿಕೊಂಡವಳಿಗೆ? ಡೆಟಾಲ್ ಹಚ್ಚಿ ಮುಂದಿನ ಮಗುವನ್ನು ಒಳಗೆ ಕಳಿಸುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ಬ್ಯಾಗಿನಿಂದ ಎಬಿಸಿ ಶೀಟ್ ತೆಗೆದಳು. ಮೊದಲು ಏನಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮೊದಲ ಕಾಲಮ್ಮಿನಲ್ಲಿ 'ಕಾರಣ ಇಲ್ಲ' ಅಂತ ಬರೆದಿದ್ದಳು.

"ಆ ಕೋಣೆಯ ಮಾಡು ಎಂತದ್ದು?"

"ತಗಡಿನ ಶೀಟು. ಈ ಮಳೆಗೆ ಅಲ್ಲಿ ಮಾತೇ ಕೇಳುದಿಲ್ಲ..." ಅಂದವಳು ಸುಮ್ಮನಾಗಿ ಪೆನ್ನು ತೆಗೆದಳು.

ಅದೇ ಕಾರಣ ಅಂತ ಈಗಲೇ ಹೇಳಲಿಕ್ಕಾಗದು. ಮಳೆ ಬಂದ ದಿನ, ಬಾರದ ದಿನ, ಎರಡನ್ನೂ ಬರೆದು ನೋಡಬೇಕು.

ಮನೆಯಲ್ಲಿ ಅಮ್ಮ ಪತ್ರೊಡೆ ಮಾಡಿದ್ದರು. ಬಿಸಿ ಬಿಸಿ, ಮೇಲೆ ತೆಂಗಿನೆಣ್ಣೆ. ಜಾಸ್ತಿಯೇ ತಿಂದೆ.

ಶುಕ್ರವಾರ ಆ ಸೆಂಟರಿನ ಮುಖ್ಯಸ್ಥರನ್ನು ನೋಡಲಿಕ್ಕಿದೆ. ಅವಳು ಒಪ್ಪಿದ್ದಾಳೆ. ವಾರಕ್ಕೊಂದು ಗಂಟೆ ಥೆರಪಿಸ್ಟ್‌ಗಳೆಲ್ಲ ಕೂತು ಮಾತಾಡಲಿ, ಸಂಬಳ ಹಿಡಿಯಬೇಡಿ ಅಂತ ಕೇಳಬೇಕು. ಆ ಒಂದು ಗಂಟೆ ಮಕ್ಕಳನ್ನು ಯಾರು ನೋಡ್ತಾರೆ ಅಂತ ಅವರು ಕೇಳಿಯೇ ಕೇಳುತ್ತಾರೆ. ತಾಯಂದಿರಲ್ಲಿ ಇಬ್ಬರು ಬರುತ್ತಾರಾ ಅಂತ ಮೊದಲೇ ವಿಚಾರಿಸಿದರೆ, ಅಥವಾ ನಾನೇ...