ಬಾಡಿಗೆ ಜಾಸ್ತಿ ಅಂತ ರೇಟು ಜಾಸ್ತಿಯಾ?

ಅಂಗಡಿಗಳಿಗೆ ಜಾಗ ಹುಡುಕುವುದು ನನ್ನ ಕೆಲಸ. ನಮ್ಮದು ಹಲವು ಊರುಗಳಲ್ಲಿ ಮಳಿಗೆಗಳಿರುವ ಕಂಪನಿ. ಎಲ್ಲಿ ತೆರೆಯಬೇಕು, ಬಾಡಿಗೆ ಎಷ್ಟರವರೆಗೆ ಕೊಡಬಹುದು, ಅಲ್ಲಿಗೆ ಸರಕು ಸಾಗಿಸಲು ಎಷ್ಟು ಬೀಳುತ್ತೆ ಎಂದು ಲೆಕ್ಕ ಹಾಕಿ ಮೇಲಿನವರ ಮುಂದಿಡಬೇಕು. ತಂಡಕ್ಕೆ ಹೊಸಬರು ಬಂದಾಗೆಲ್ಲ ಒಂದು ಮಾತು ಕೇಳಿಬರುತ್ತದೆ: "ಅಲ್ಲಿ ಬಾಡಿಗೆ ಜಾಸ್ತಿ ಸಾರ್, ಅದಕ್ಕೇ ರೇಟೂ ಜಾಸ್ತಿ ಇಟ್ಟಿದ್ದಾರೆ." ಕೇಳೋಕೆ ಸರಿಯಾಗೇ ಇದೆ. ಆದರೆ ಬಹಳಷ್ಟು ಸಲ ವಿಷಯ ಇದಕ್ಕೆ ಉಲ್ಟಾ.

ವಿಮಾನ ನಿಲ್ದಾಣವನ್ನೇ ನೋಡಿ. ತಪಾಸಣೆ ಮುಗಿಸಿ ಒಳಗೆ ಹೋದವರು ಒಂದು ಬಾಟಲಿ ನೀರಿಗೋಸ್ಕರ ಹೊರಗೆ ಬರುವುದಿಲ್ಲ. ಒಳಗೆ ಇರುವ ಕೆಲವೇ ಅಂಗಡಿಗಳಲ್ಲಿ ಕೊಳ್ಳಬೇಕು, ಇಲ್ಲವೇ ಬಾಯಾರಿಕೆ ತಡೆದುಕೊಳ್ಳಬೇಕು. ರೇಟು ಏರುವುದು ಅಲ್ಲಿ. ಆ ರೇಟಿಗೆ ಮಾಲು ಹೋಗುತ್ತದೆ ಎಂದು ಗೊತ್ತಿರುವುದರಿಂದಲೇ ವ್ಯಾಪಾರಿಗಳು ಪೈಪೋಟಿಗೆ ಬಿದ್ದು ಬಾಡಿಗೆ ಏರಿಸುತ್ತಾರೆ. ನಾಳೆ ಬಾಡಿಗೆ ಅರ್ಧ ಆಯಿತು ಅನ್ನಿ. ನೀರಿನ ರೇಟು ಇಳಿಯುತ್ತಾ? ಗಿರಾಕಿಗೆ ಬೇರೆ ದಾರಿ ಹುಟ್ಟಿಲ್ಲವಲ್ಲ, ಯಾಕೆ ಇಳಿಯಬೇಕು? ಮಿಕ್ಕಿದ್ದು ಅಂಗಡಿಯವರ ಜೇಬಿಗೆ ಹೋಗುತ್ತದೆ ಅಷ್ಟೇ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ಹೊಲದ ಗೇಣಿಯ ಬಗ್ಗೆ ಇದನ್ನು ಹೇಳಿದ್ದ. ಗೇಣಿ ಕೊಡುವುದರಿಂದ ಧಾನ್ಯ ತುಟ್ಟಿಯಾಗಿಲ್ಲ, ಧಾನ್ಯ ತುಟ್ಟಿಯಾಗಿರುವುದರಿಂದ ಗೇಣಿ ಕೊಡಬೇಕಾಗಿದೆ ಎಂದು.

ಹಾಗಾಗಿ ಯಾವ ಜಾಗ ಬಂದರೂ ನಾನು ಬಾಡಿಗೆಯನ್ನು ಮೊದಲು ಕೇಳುವುದಿಲ್ಲ. ಇಲ್ಲಿ ನಿಂತವರು ಇದೇ ಸಾಮಾನನ್ನು ಇನ್ನೆಲ್ಲಿ ಕೊಳ್ಳಬಹುದು? ಅಲ್ಲಿಗೆ ಹೋಗಲು ಎಷ್ಟು ತಾಪತ್ರಯ? ಮೊದಲು ಇದು ಗೊತ್ತಾಗಬೇಕು.

ಈ ತಾಪತ್ರಯ ಮ್ಯಾಪಿನಲ್ಲಿ ಕಾಣುವುದಿಲ್ಲ. ಹೋಗಿ ನಿಂತು ನೋಡಬೇಕು. ದೊಡ್ಡ ರಸ್ತೆ, ನಡುವೆ ಡಿವೈಡರ್, ಎದುರುಬದುರು ಎರಡು ಅಂಗಡಿ. ಕಾಗದದ ಮೇಲೆ ಎರಡೂ ಒಂದೇ. ಬೆಳಿಗ್ಗೆ ನೋಡಿದರೆ ಕೆಲಸಕ್ಕೆ ಹೋಗುವ ಬದಿಯಲ್ಲಿ ಜನವೋ ಜನ. ಆದರೆ ಆ ಹೊತ್ತಿನಲ್ಲಿ ಯಾರೂ ಗಾಡಿ ನಿಲ್ಲಿಸುವುದಿಲ್ಲ, ಎಲ್ಲರಿಗೂ ಹೊತ್ತಾಗಿರುತ್ತದೆ. ಸಂಜೆ ಮನೆಗೆ ಮರಳುವ ಬದಿಯಲ್ಲಿ ನಿಂತರೆ ಕಥೆಯೇ ಬೇರೆ. ದಿನಸಿ, ತರಕಾರಿ, ಔಷಧಿ ಎಲ್ಲ ಆ ಬದಿಯಲ್ಲಿ ಖರ್ಚಾಗುತ್ತದೆ. ಯು-ಟರ್ನ್ ದೂರ ಇದ್ದರಂತೂ ಎದುರು ಬದಿಯ ಅಂಗಡಿ ಬೇರೆ ಊರಲ್ಲಿದ್ದ ಹಾಗೆ. ಬಾಗಿಲಿಗೆ ಮೂರು ಮೆಟ್ಟಿಲಿದ್ದರೂ ಸಾಕು, ಕೈಗಾಡಿಯಲ್ಲಿ ಮಗು ಕೂರಿಸಿಕೊಂಡು ಬಂದವರು ಹಾಗೇ ಮುಂದೆ ಹೋಗುತ್ತಾರೆ. ಜಾಗ ತೋರಿಸುವ ಬ್ರೋಕರ್‌ಗಳು ಇದನ್ನೆಲ್ಲ ಬಾಯಿಬಿಟ್ಟು ಹೇಳಲ್ಲ. ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತಾರೆ!

ಇಷ್ಟೆಲ್ಲ ಆದಮೇಲೆ ಒಂದೊಂದು ಬಡಾವಣೆಗೂ ಒಂದೊಂದು ರೇಟು ಇಡುತ್ತಾರೆ ಅಂದುಕೊಳ್ಳಬಹುದು. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಅಮೆರಿಕದ ಚಿಲ್ಲರೆ ಕಂಪನಿಗಳ ಬಗ್ಗೆ ಡೆಲ್ಲಾವಿನ್ಯಾ ಮತ್ತು ಜೆಂಟ್ಸ್‌ಕೋ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡವರ ಬಡಾವಣೆಯಿರಲಿ ಸಿರಿವಂತರದ್ದಿರಲಿ, ಒಂದೇ ಕಂಪನಿಯ ಮಳಿಗೆಗಳಲ್ಲಿ ರೇಟು ಹೆಚ್ಚುಕಮ್ಮಿ ಒಂದೇ ಇರುತ್ತದೆ ಎಂದು ಕಂಡುಬಂತು. ನನಗೆ ಆಶ್ಚರ್ಯವಾಗಲಿಲ್ಲ. ಅಂಗಡಿಗೊಂದು ರೇಟು ನಿಭಾಯಿಸುವುದು ತಲೆನೋವು, ಗಿರಾಕಿಗೆ ಗೊತ್ತಾದರೆ ಹೆಸರು ಕೆಡುತ್ತದೆ ಎಂಬ ಭಯ ಬೇರೆ. ನನ್ನ ಕೆಲಸಕ್ಕೆ ತೂಕ ಬಂದಿದ್ದೇ ಇದರಿಂದ. ರೇಟು ಬದಲಿಸಲು ಆಗದಿದ್ದರೆ ಜಾಗವನ್ನೇ ಸರಿಯಾಗಿ ಆರಿಸಬೇಕು, ಅಲ್ವಾ?

ಒಂದೇ ಬೀದಿಯಲ್ಲಿ ಸಾಲಾಗಿ ಚಿನ್ನದಂಗಡಿ, ಪೀಠೋಪಕರಣದ ಅಂಗಡಿ ಇರುವುದೂ ಇದೇ ಲೆಕ್ಕದ ಇನ್ನೊಂದು ಮುಖ. ಪಕ್ಕದಲ್ಲೇ ಪೈಪೋಟಿ ಇದ್ದರೆ ರೇಟು ಬಿಗಿಹಿಡಿಯೋಕಾಗಲ್ಲ. ಆದರೆ ಹೋಲಿಸಿ ನೋಡುವ ಅನುಕೂಲಕ್ಕೇ ದೂರದಿಂದ ಜನ ಬರುತ್ತಾರೆ. ಲಾಭದ ಅಂಚು ಸಣ್ಣದು, ವ್ಯಾಪಾರ ದೊಡ್ಡದು.

ಸಾಗಾಟಕ್ಕೆ ಬಂದರೆ ಕಿಲೋಮೀಟರ್ ಲೆಕ್ಕ ಇನ್ನೂ ಕೆಡುತ್ತದೆ. ಒಂದೇ ರಸ್ತೆ, ಒಂದೇ ಲಾರಿ, ಅಷ್ಟೇ ಡೀಸೆಲ್. ಹೋಗುವಾಗ ಒಂದು ಬಾಡಿಗೆ, ಬರುವಾಗ ಇನ್ನೊಂದು. ಕಾರ್ಖಾನೆಗಳಿರುವ ಊರಿಂದ ಲೋಡು ಸಲೀಸಾಗಿ ಸಿಗುತ್ತದೆ. ಬರೀ ಕೊಳ್ಳುವವರೇ ಇರುವ ಊರಿಂದ ಲಾರಿ ಖಾಲಿ ವಾಪಸ್ ಬರಬೇಕು. ಆ ಖಾಲಿ ಓಡಾಟದ ಖರ್ಚನ್ನು ಹೋಗುವ ಲೋಡಿನವರೇ ತಲೆ ಮೇಲೆ ಹೊರಬೇಕು. ರಿಟರ್ನ್ ಲೋಡ್ ಕೊಡುವವರಿಗೆ ಮಾತ್ರ ಅಗ್ಗ, ಯಾಕೆಂದರೆ ಲಾರಿ ಹೇಗೂ ಬರಲೇಬೇಕು. ಸಮುದ್ರದಲ್ಲೂ ಇದೇ ಕಥೆ. 2021ರಲ್ಲಿ ಏಷ್ಯಾದಿಂದ ಅಮೆರಿಕಕ್ಕೆ ಹೋಗುವ ಕಂಟೇನರ್ ಬಾಡಿಗೆ ಎಷ್ಟು ಏರಿತ್ತೆಂದರೆ, ಅಲ್ಲಿನ ರೈತರ ಮಾಲು ತುಂಬಿಸಿಕೊಳ್ಳಲು ಕಾಯುವುದಕ್ಕಿಂತ ಖಾಲಿ ಡಬ್ಬವನ್ನೇ ಬೇಗ ಏಷ್ಯಾಕ್ಕೆ ವಾಪಸ್ ತರುವುದು ಹಡಗು ಕಂಪನಿಗಳಿಗೆ ಲಾಭವಾಗಿತ್ತು. ಅಮೆರಿಕದ ರಫ್ತುದಾರರು ಕೂಗಾಡಿದರು.

ವಿಮಾನದ ಟಿಕೆಟ್ ಇನ್ನೂ ವಿಚಿತ್ರ. ಒಂದು ಕಂಪನಿಯ ಹಿಡಿತದಲ್ಲಿರುವ ದೊಡ್ಡ ನಿಲ್ದಾಣಕ್ಕೆ ನೇರ ಹೋಗುವ ಟಿಕೆಟ್ಟಿಗಿಂತ, ಅಲ್ಲೇ ಇಳಿದು ವಿಮಾನ ಬದಲಿಸಿ ಇನ್ನೂ ದೂರ ಹೋಗುವ ಟಿಕೆಟ್ ಕೆಲವೊಮ್ಮೆ ಅಗ್ಗ. ಆ ದೂರದ ಊರಿಗೆ ಬೇರೆ ಕಂಪನಿಗಳೂ ಬೇರೆ ದಾರಿಯಲ್ಲಿ ಕರೆದುಕೊಂಡು ಹೋಗುತ್ತವೆ. ಈ ನಿಲ್ದಾಣಕ್ಕೆ ನೇರ ಹೋಗಲು ಬೇರೆ ಗತಿಯಿಲ್ಲ. ಮತ್ತೆ ಅದೇ ಪ್ರಶ್ನೆಗೆ ಬಂದೆವು.

ಮನೆಗಳ ವಿಷಯದಲ್ಲಿ ನಾನು ನೇರವಾಗಿ ಕೆಲಸ ಮಾಡುವುದಿಲ್ಲ. ಆದರೆ ಅಂಗಡಿ ಎಲ್ಲಿ ಬರಬೇಕೆಂದು ಹೇಳಲು ಮನೆ ಬಾಡಿಗೆ ಎತ್ತ ಓಡುತ್ತಿದೆ ನೋಡಲೇಬೇಕು. ಇಟ್ಟಿಗೆ, ಸಿಮೆಂಟು, ಕಬ್ಬಿಣದ ಖರ್ಚು ಊರ ಮಧ್ಯಕ್ಕೂ ಹೊರವಲಯಕ್ಕೂ ಅಂಥ ವ್ಯತ್ಯಾಸ ಇರಲ್ಲ. ವ್ಯತ್ಯಾಸ ಇರುವುದೆಲ್ಲ ನೆಲದಲ್ಲಿ. ಜನ ಮನೆ ಬಾಡಿಗೆ ಮತ್ತು ಓಡಾಟದ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕುತ್ತಾರೆ, ಓಡಾಟಕ್ಕೆ ಹೋಗುವ ಹೊತ್ತೂ ಅದರಲ್ಲಿ ಸೇರುತ್ತದೆ. ರೈಲು ಬಂದು ದಿನಕ್ಕೆ ಒಂದು ಗಂಟೆ ಉಳಿಯಿತು ಅನ್ನಿ, ಆ ಉಳಿತಾಯದ ಬಹುಪಾಲು ನಿಧಾನವಾಗಿ ನೆಲದ ಮಾಲೀಕರ ಕೈಗೆ ಸೇರುತ್ತದೆ. ಬಾಡಿಗೆದಾರರಿಗೆ ಉಳಿಯುವುದು ಚೂರುಪಾರು. ಹಾಂಗ್‌ಕಾಂಗ್‌ನ ಎಂಟಿಆರ್ ರೈಲು ಕಂಪನಿ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ನಿಲ್ದಾಣಗಳ ಮೇಲೆ, ಸುತ್ತಮುತ್ತ ಮನೆ, ಮಾಲ್ ಕಟ್ಟುವ ಹಕ್ಕನ್ನು ಸರ್ಕಾರದಿಂದ ಪಡೆದು, ಏರಿದ ನೆಲದ ಬೆಲೆಯಿಂದಲೇ ಹೊಸ ಮಾರ್ಗಗಳ ಖರ್ಚಿನ ದೊಡ್ಡ ಪಾಲು ತೆಗೆಯುತ್ತದೆ. ಇನ್ನೊಂದು ಕಡೆಯೂ ಇದೆ. ರೈಲು ತುಂಬಾ ಜಾಗವನ್ನು ಒಮ್ಮೆಗೇ ಹತ್ತಿರ ತಂದು, ಅಲ್ಲಿ ಮನೆ ಕಟ್ಟಲು ಬಿಟ್ಟರೆ, ಊರ ಮಧ್ಯದ ಮಾಲೀಕರ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಬಾಡಿಗೆಗೆ ಬರುವವರಿಗೆ ಆಗ ಇನ್ನೊಂದು ದಾರಿ ಇರುತ್ತಲ್ಲ.

ಸದ್ಯಕ್ಕೆ ನನ್ನ ಮೇಜಿನ ಮೇಲಿರುವ ಫೈಲುಗಳೆಲ್ಲ ಇದರದ್ದೇ. ರೈಲು ಬರುತ್ತೆ ಎಂಬ ಸುದ್ದಿ ಬಂದ ಕೂಡಲೇ ಮಾಲೀಕರು ಇವತ್ತಿಂದಲೇ ಜಾಸ್ತಿ ಬಾಡಿಗೆ ಕೇಳುತ್ತಾರೆ. ಕಂಬ ಎದ್ದಿರುವುದಿಲ್ಲ, ಗಿರಾಕಿ ಇನ್ನೂ ಹಳೇ ಬಸ್ಸಿನಲ್ಲೇ ಓಡಾಡುತ್ತಿರುತ್ತಾರೆ. ಕಾಮಗಾರಿ ಶುರುವಾದರೆ ರಸ್ತೆ ಮುಚ್ಚಿ ಇರುವ ವ್ಯಾಪಾರವೂ ಬೀಳಬಹುದು. ನಾವು ಹೇಳುವುದು ಇಷ್ಟು: ಈಗ ಹಳೇ ಬಾಡಿಗೆ ಇರಲಿ, ರೈಲು ಓಡಿದ ತಿಂಗಳಿಂದ ಕನಿಷ್ಠ ಬಾಡಿಗೆ ಅಥವಾ ಮಾರಾಟದಲ್ಲಿ ಪಾಲು, ಯಾವುದು ಜಾಸ್ತಿಯೋ ಅದನ್ನು ತಗೊಳ್ಳಿ, ಅಗ್ರಿಮೆಂಟಿನಲ್ಲಿ ಈಗಲೇ ಬರೆದುಬಿಡೋಣ. ಕೆಲವರು ಒಪ್ಪುತ್ತಾರೆ. ಒಪ್ಪದವರ ಅಂಗಡಿ ಬಿಟ್ಟು, ಸಂಜೆ ಬದಿಯ ಮುಂದಿನ ಬಾಗಿಲು ನೋಡುತ್ತೇವೆ.