ಹೊಟ್ಟೆ ನೋಡಿದೆವು, ಕೈ ನೋಡಲಿಲ್ಲ

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಅಡಿಕೆ ಗಾರ್ಬಲ್‌ನಲ್ಲಿ ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ. ಗಾರ್ಬಲ್ ಅಂದರೆ ಎಂತ ಅಂತ ಗೊತ್ತಿಲ್ಲದವರಿಗೆ ಹೇಳ್ತೇನೆ. ತೋಟದವರು ತಂದ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಯನ್ನು ಜರಡಿ ಹಿಡಿದು ಗಾತ್ರ ಬೇರೆ ಮಾಡಬೇಕು, ಆಮೇಲೆ ಕೈಯಲ್ಲಿ ಆರಿಸಿ ಪಟೋರ (ಬಿರುಕು ಬಿಟ್ಟದ್ದು), ಉಳ್ಳಿಗಡ್ಡೆ, ಕೋಕ ಅಂತ ಕಡಿಮೆ ದರ್ಜೆಯದ್ದೆಲ್ಲ ಹೆಕ್ಕಿ ತೆಗೆಯಬೇಕು, ಉಳಿದದ್ದನ್ನು ಮೋತಿ, ಶ್ರೀವರ್ಧನ, ಜೀನಿ ಅಂತ ದರ್ಜೆ ಪ್ರಕಾರ ಬೇರೆ ಬೇರೆ ಚೀಲಕ್ಕೆ ತುಂಬಿಸಿ ಲಾರಿ ಹತ್ತಿಸಬೇಕು. ಹೆಚ್ಚಿನದ್ದು ಗುಜರಾತಿಗೆ ಹೋಗುತ್ತದೆ. ಜರಡಿ ಯಾರು ಬೇಕಾದರೂ ಹಿಡಿಯಬಹುದು. ಆರಿಸುವುದು ಹಾಗಲ್ಲ. ಅದಕ್ಕೆ ಕೈ ಬೇಕು.

2019ರ ಜನವರಿಯಲ್ಲಿ ಮುಳ್ಳೇರಿಯ ಕಡೆಯ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದ. ವಯಸ್ಸು 24. ದೊಡ್ಡ ದೇಹ, ಹೊಟ್ಟೆ ಮುಂದೆ ಬಂದಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆರಿಸುವ ಕೆಲಸ ಗೊತ್ತುಂಟು ಅಂತ ಹೇಳಿದ. ನಾನು ಒಮ್ಮೆ ಮೇಲಿಂದ ಕೆಳಗೆ ನೋಡಿದೆ, ಅಷ್ಟೇ. ದಿನವಿಡೀ ನೆಲದಲ್ಲಿ ಕೂತು ಬಗ್ಗಿ ಆರಿಸಬೇಕು, ಇವನಿಂದ ಆಗುವ ಕೆಲಸ ಅಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿ ತಕ್ಕಡಿಯ ಹತ್ತಿರ ಚೀಲ ಲೆಕ್ಕ ಬರೆಯುವುದಕ್ಕೆ ಹಾಕಿದೆ. ಅವನು ಏನೂ ಹೇಳಲಿಲ್ಲ. ನಾಲ್ಕು ತಿಂಗಳು ಲೆಕ್ಕ ಬರೆದ.

ಮೇ ಕೊನೆಯ ವಾರ ನಮ್ಮ ಹಳೆ ಆರಿಸುವವರಲ್ಲಿ ಒಬ್ಬರಿಗೆ ಜ್ವರ ಬಂತು. ಮಳೆ ಹಿಡಿಯುವ ಮೊದಲು ಒಂದು ಲೋಡ್ ಹೋಗಲೇಬೇಕಿತ್ತು. ಬೇರೆ ಜನ ಸಿಗಲಿಲ್ಲ. ಕೊನೆಗೆ ಆ ಹುಡುಗನನ್ನೇ ಕೂರಿಸಿದೆ, ಎಷ್ಟಾಗುತ್ತದೋ ಅಷ್ಟು ಆಗಲಿ ಅಂತ.

ಅರ್ಧ ಗಂಟೆ ಬಿಟ್ಟು ಆ ಕಡೆ ಹೋದವನು ಅಲ್ಲೇ ನಿಂತುಬಿಟ್ಟೆ. ಬಲಗೈ ರಾಶಿಯಿಂದ ನಾಲ್ಕೈದು ಅಡಿಕೆ ಒಟ್ಟಿಗೆ ಎತ್ತುತ್ತಿತ್ತು. ಹೆಬ್ಬೆರಳು ಒಂದೊಂದನ್ನೇ ಉರುಳಿಸಿ ಅದರ ಬೆನ್ನು ನೋಡುತ್ತಿತ್ತು. ಒಳ್ಳೆಯದು ಎದುರಿನ ಬುಟ್ಟಿಗೆ, ಪಟೋರ ಬೆರಳ ಸಂದಿಯಿಂದ ಎಡಕ್ಕೆ ಜಾರಿ ಬೀಳುವುದು. ಮೊಣಕೈ ಹಂದುತ್ತಿರಲಿಲ್ಲ. ಭುಜ ಹಂದುತ್ತಿರಲಿಲ್ಲ. ಕೆಲಸ ಪೂರ್ತಿ ಮಣಿಗಂಟಿನಿಂದ ಮುಂದೆಯೇ ನಡೆಯುತ್ತಿತ್ತು. ಆ ದೊಡ್ಡ ದೇಹಕ್ಕೂ ಆ ಕೆಲಸಕ್ಕೂ ಸಂಬಂಧವೇ ಇಲ್ಲದ ಹಾಗೆ. ಸಂಜೆ ನಾಲ್ಕಕ್ಕೆ ಎಲ್ಲರಿಗಿಂತ ಮೊದಲು ಅವನ ರಾಶಿ ಮುಗಿಯಿತು. ನಾನು ಬುಟ್ಟಿಗೆ ಕೈ ಹಾಕಿ ಹತ್ತು ಕಡೆಯಿಂದ ತೆಗೆದು ಕತ್ತರಿಯಲ್ಲಿ ತುಂಡು ಮಾಡಿ ನೋಡಿದೆ. ಒಂದು ಹಾಳು ಅಡಿಕೆ ಸಿಗಲಿಲ್ಲ.

ಅದೇ ವಾರದ ಕೊನೆಗೆ, ಜೂನ್ 1ರ ರಾತ್ರಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಹೆವಿವೇಟ್ ಬಾಕ್ಸಿಂಗ್ ಪಂದ್ಯದಲ್ಲಿ ಆಂಡಿ ರೂಯಿಸ್ ಜೂನಿಯರ್ ಚಾಂಪಿಯನ್ ಆಂಥನಿ ಜೋಶುವಾನನ್ನು ಬೀಳಿಸಿದ. ನಮ್ಮಲ್ಲಿ ಆಗ ಭಾನುವಾರ ಬೆಳಗ್ಗೆ. ನಮ್ಮ ಊರಿನಲ್ಲಿ ಕಬಡ್ಡಿ, ಹಗ್ಗಜಗ್ಗಾಟ ಅಂದರೆ ಜನ ಸೇರುತ್ತಾರೆ, ಬಾಕ್ಸಿಂಗ್ ನೋಡುವವರು ಕಡಿಮೆ. ಆದರೆ ಗಲ್ಫಿನಲ್ಲಿ ಇರುವ ತಮ್ಮಂದಿರು, ಭಾವಂದಿರು ವಿಡಿಯೋ ಕಳಿಸಿದ್ದರು. ಸೋಮವಾರ ಗೋಡೌನಿಗೆ ಬಂದರೆ ಎಲ್ಲರ ಫೋನಿನಲ್ಲೂ ಅದೇ. ಲಾರಿ ಹುಡುಗರಲ್ಲಿ ಇಬ್ಬರು ರಂಜಾನ್ ಉಪವಾಸದಲ್ಲಿದ್ದರು, ಆದರೂ ಚರ್ಚೆಯಲ್ಲಿ ಅವರದ್ದೇ ದೊಡ್ಡ ಸ್ವರ. ಒಬ್ಬ ಮಲಯಾಳದಲ್ಲಿ ಹೇಳುವುದು, ಇನ್ನೊಬ್ಬ ತುಳುವಿನಲ್ಲಿ ಉತ್ತರ ಕೊಡುವುದು, ನಾವು ನಡುವಿನಲ್ಲಿ ಕನ್ನಡ.

ಜೋಶುವಾ ಅಂದರೆ ಕೆತ್ತಿ ನಿಲ್ಲಿಸಿದ ಹಾಗಿನ ದೇಹ. 6 ಅಡಿ 6 ಇಂಚು. 2012ರ ಲಂಡನ್ ಒಲಿಂಪಿಕ್ಸ್‌ನ ಚಿನ್ನ. ಅಲ್ಲಿಯವರೆಗೆ 22 ಪಂದ್ಯ, 22 ಗೆಲುವು, ಅದರಲ್ಲಿ 21 ನಾಕೌಟ್. ರೂಯಿಸ್ ಅವನಿಗಿಂತ ನಾಲ್ಕು ಇಂಚು ಗಿಡ್ಡ, ತೂಕ ಮಾತ್ರ ಜಾಸ್ತಿ, 121 ಕಿಲೋ ದಾಟಿತ್ತು. ಸೊಂಟದ ಬೆಲ್ಟಿನ ಮೇಲೆ ಹೊಟ್ಟೆ ಮಡಚಿ ನಿಂತಿತ್ತು. ಅವನು ಮೊದಲು ಗೊತ್ತುಮಾಡಿದ ಎದುರಾಳಿಯೂ ಅಲ್ಲ. ಜಾರೆಲ್ ಮಿಲ್ಲರ್ ಅನ್ನುವವನು ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ, ಆ ಜಾಗಕ್ಕೆ ಇವನು ಬಂದ. ಪಂದ್ಯಕ್ಕೆ ಇದ್ದದ್ದು ಒಂದು ತಿಂಗಳ ಹತ್ತಿರ.

ಮೂರನೇ ಸುತ್ತಿನಲ್ಲಿ ಮೊದಲು ಬಿದ್ದದ್ದು ರೂಯಿಸ್. ಎಲ್ಲರೂ ಮುಗಿಯಿತು ಅಂದುಕೊಂಡರು. ಎದ್ದು ನಿಂತ. ಜೋಶುವಾ ಮುಗಿಸಲು ನುಗ್ಗಿದ, ಇಬ್ಬರೂ ಹತ್ತಿರ ನಿಂತು ಹೊಡೆದಾಡುವಾಗ ರೂಯಿಸನ ಎಡಗೈ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಏಟು, ಜೋಶುವಾನ ಕಣತಲೆಗೆ ಬಿತ್ತು. ಕಾಲಿನ ಶಕ್ತಿಯೇ ಹೋಯಿತು. ಅದೇ ಸುತ್ತಿನಲ್ಲಿ ಜೋಶುವಾ ಎರಡು ಸಲ ಬಿದ್ದ. ಏಳನೇ ಸುತ್ತಿನಲ್ಲಿ ಮತ್ತೆ ಎರಡು ಸಲ. ರೆಫರಿ ನಿಲ್ಲಿಸಿದರು. ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ ಅನ್ನುವ ಬಾಕ್ಸಿಂಗ್ ಸಂಸ್ಥೆಗಳ ಮೂರೂ ಚಾಂಪಿಯನ್ ಬೆಲ್ಟ್ ರೂಯಿಸನ ಹೆಗಲಿಗೆ.

ಚರ್ಚೆ ಅಲ್ಲಿಂದ ಶುರು. ಅದೃಷ್ಟದ ಒಂದು ಹೊಡೆತ ಅಂತ ಒಂದು ಪಕ್ಷ. ಜೋಶುವಾ ಸುಮ್ನೆ ಹೆಸರು ಮಾಡಿದವನು, ಒಳಗೆ ಏನಿಲ್ಲ ಅಂತ ಇನ್ನೊಂದು ಪಕ್ಷ. ಅಷ್ಟರಲ್ಲಿ ತೂಕ ಹಾಕುವವರು ನಮ್ಮ ಹುಡುಗನ ಕಡೆ ಕೈ ತೋರಿಸಿ, ನಮ್ಮಲ್ಲೂ ಒಬ್ಬ ರೂಯಿಸ್ ಉಂಟಲ್ಲ ಅಂದರು. ಅದಕ್ಕೂ ಎರಡು ಪಕ್ಷ ಆಯಿತು. ಅವತ್ತಿನ ಅಡಿಕೆ ಒಳ್ಳೆ ತೋಟದ್ದು, ಒಣಗಿಸಿದ್ದೂ ಚಂದ, ಯಾರು ಕೂತರೂ ಬೇಗ ಮುಗಿಯುತ್ತಿತ್ತು ಅಂತ ಹಳಬರು ಹೇಳಿದರು. ನನಗೆ ಒಂಥರಾ ಆಯಿತು. ಎರಡೂ ಕಡೆ ನಾವು ಹೇಳುತ್ತಿದ್ದದ್ದು ಒಂದೇ ಮಾತು. ಇಂಥ ದೇಹದವನಿಗೆ ಇಂಥ ಕೆಲಸ ಬರುವುದು ಸಾಧ್ಯವೇ ಇಲ್ಲ, ಆದ್ದರಿಂದ ಬೇರೆ ಏನೋ ಕಾರಣ ಇರಬೇಕು.

ಮನೆಗೆ ಹೋಗಿ ರೂಯಿಸ್ ಬಗ್ಗೆ ಓದಿದೆ, ಅವನ ಹಳೆ ಪಂದ್ಯಗಳನ್ನು ಹುಡುಕಿ ನೋಡಿದೆ. ಕಾರಣ ಅಲ್ಲಿ ಎದುರಿಗೇ ಇತ್ತು. ಹವ್ಯಾಸಿಯಾಗಿಯೇ ನೂರಕ್ಕಿಂತ ಜಾಸ್ತಿ ಪಂದ್ಯ ಆಡಿದವನು. ವೃತ್ತಿಪರನಾಗಿ 33 ಪಂದ್ಯದಲ್ಲಿ ಸೋತದ್ದು ಒಂದೇ, ಅದೂ 2016ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿಗೆ ಹೋಗಿ ಆ ಊರಿನವನೇ ಆದ ಜೋಸೆಫ್ ಪಾರ್ಕರ್ ಎದುರು, ಸ್ವಲ್ಪದರಲ್ಲಿ, ಅಂಕದ ಮೇಲೆ. ಕೈಗೆ ಹೊಟ್ಟೆ ಅಡ್ಡ ಬರುತ್ತಿರಲಿಲ್ಲ. ಎರಡಲ್ಲ, ನಾಲ್ಕೈದು ಏಟು ಒಂದೇ ಉಸಿರಿನಲ್ಲಿ ಬರುತ್ತಿತ್ತು. ಕೊನೇ ಗಳಿಗೆಯಲ್ಲಿ ಕರೆಸಿದವನು ಅಂತಾರಲ್ಲ, ಅದೂ ಅರ್ಧ ಸತ್ಯ. ಅದಕ್ಕಿಂತ ಆರು ವಾರ ಮೊದಲಷ್ಟೇ, ಏಪ್ರಿಲ್ 20ಕ್ಕೆ, ಅವನು ಅಲೆಕ್ಸಾಂಡರ್ ದಿಮಿತ್ರೆಂಕೋ ಅನ್ನುವವನನ್ನು ಸೋಲಿಸಿದ್ದ. ದಿಮಿತ್ರೆಂಕೋ ಜೋಶುವಾಗಿಂತಲೂ ಎತ್ತರ. ಎತ್ತರದವನ ಒಳಗೆ ಹೇಗೆ ನುಗ್ಗುವುದು ಅನ್ನುವ ಅಭ್ಯಾಸ ಕೈಯಲ್ಲಿ ಬೆಚ್ಚಗೇ ಇತ್ತು.

ಅದೃಷ್ಟ ಇರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಮ್ ರಹಮಾನ್ ಆಗಿನ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ನನ್ನು ಐದನೇ ಸುತ್ತಿನಲ್ಲಿ ಒಂದು ಬಲಗೈ ಏಟಿಗೆ ಮಲಗಿಸಿದ. ಅದೇ ನವೆಂಬರಿನಲ್ಲಿ ಲೂಯಿಸ್ ನಾಲ್ಕನೇ ಸುತ್ತಿಗೆ ಬಡ್ಡಿ ಸಮೇತ ತೀರಿಸಿದ. ಒಂದು ಏಟು ಯಾರಿಗೂ ಬೀಳಬಹುದು. ಆದರೆ ನಾಲ್ಕು ಸಲ ಬೀಳಿಸುವುದು, ಅದೂ ತಾನು ಮೊದಲು ಬಿದ್ದು ಎದ್ದ ಮೇಲೆ, ಅದಕ್ಕೆ ಅದೃಷ್ಟ ಅನ್ನುವ ಹೆಸರು ಸಾಲುವುದಿಲ್ಲ. ಜೋಶುವಾನಲ್ಲಿ ಏನಿಲ್ಲ ಅನ್ನುವುದೂ ತಪ್ಪು. 2017ರಲ್ಲಿ ವೆಂಬ್ಲಿಯಲ್ಲಿ ವ್ಲಾದಿಮಿರ್ ಕ್ಲಿಚ್ಕೋ ಕೈಯಿಂದ ಬಿದ್ದು ಎದ್ದು 11ನೇ ಸುತ್ತಿನಲ್ಲಿ ಗೆದ್ದವನು ಅವನು. ಗೆದ್ದವನನ್ನು ಹೊಗಳಬೇಕಾದರೆ ಸೋತವನನ್ನು ತೆಗಳಲೇಬೇಕು ಅನ್ನುವ ಅಭ್ಯಾಸ ನಮಗೆ ಯಾಕೆ ಬಂತೋ ಗೊತ್ತಿಲ್ಲ.

ನಮ್ಮ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆಗೂ ಇದೇ ಆಗಿತ್ತು, ನೆನಪುಂಟಾ? ಚೆಂಡು ತಿರುಗುವುದಿಲ್ಲ, ಇವನು ಎಂತ ಸ್ಪಿನ್ನರ್ ಅಂತ ಎಷ್ಟು ಜನ ಹೇಳಿದರು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದ ಮೇಲೆಯೂ ಪಿಚ್ ಹಾಗಿತ್ತು ಅಂದವರಿದ್ದರು. ಕೊನೆಗೆ 619 ಟೆಸ್ಟ್ ವಿಕೆಟ್. ಅಷ್ಟು ವರ್ಷ ಎಲ್ಲ ಊರಿನ ಪಿಚ್ಚೂ ಅವನಿಗೆ ಮಾತ್ರ ಹಾಗೆ ಇರುತ್ತದಾ? ನಮ್ಮ ಕಡೆ ಆಟ, ಅಂದರೆ ಯಕ್ಷಗಾನ, ನೋಡುವವರಿಗೂ ಇದು ಗೊತ್ತಿರುವ ವಿಷಯ. ಬಣ್ಣ ಹಚ್ಚುವ ಚೌಕಿಯಲ್ಲಿ ಕೂತಾಗ ಏಳುವುದಕ್ಕೇ ಕಷ್ಟಪಡುವ ದಪ್ಪ ವೇಷಧಾರಿ, ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಗಿರಕಿ ಹೊಡೆಯುವುದನ್ನು ನಾನು ಸಣ್ಣವನಿರುವಾಗಲೇ ನೋಡಿದ್ದೇನೆ. ನೋಡಿದ್ದೂ ನನಗೆ ಉಪಯೋಗಕ್ಕೆ ಬರಲಿಲ್ಲ.

ಮರುದಿನ ಹುಡುಗನನ್ನು ಕರೆದು, ಆರಿಸುವುದು ಎಲ್ಲಿ ಕಲಿತದ್ದು ಅಂತ ಕೇಳಿದೆ. ಜನವರಿಯಲ್ಲೇ ಕೇಳಬೇಕಿದ್ದ ಪ್ರಶ್ನೆ. ಅಜ್ಜಿಯ ಜೊತೆ, ಅಂಗಳದಲ್ಲಿ, ಎರಡನೇ ಕ್ಲಾಸಿನಿಂದ ಅಂದ. ಅಜ್ಜಿಗೆ ಕಣ್ಣು ಮಂಜಾದ ಮೇಲೆ ಅವರು ಮುಟ್ಟಿಯೇ ಆರಿಸುತ್ತಿದ್ದರಂತೆ, ಇವನೂ ಹಾಗೇ ಕಲಿತನಂತೆ. ರೂಯಿಸ್ ವಿಡಿಯೋ ಅವನು ನೋಡಿಯೇ ಇರಲಿಲ್ಲ. ತೋರಿಸಿದೆ. ಮೂರನೇ ಸುತ್ತನ್ನು ಎರಡು ಸಲ ನೋಡಿ ಹೇಳಿದ: "ಇವನ ಕೈ ದೂರದಿಂದ ಬರುವುದಿಲ್ಲ, ಎದೆಯ ಹತ್ರದಿಂದಲೇ ಬರ್ತದೆ. ಅದಕ್ಕೇ ಅವನಿಗೆ ಕಾಣಲಿಲ್ಲ." ಇಡೀ ಗೋಡೌನು ಎರಡು ದಿನ ಕೂಗಾಡಿದರೂ ಯಾರ ಬಾಯಿಂದಲೂ ಬಾರದ ಮಾತು. ಆಟದ ಬಗ್ಗೆ ಏನೂ ಗೊತ್ತಿಲ್ಲದ ಹುಡುಗ, ತನ್ನ ಕೆಲಸದ ಕಣ್ಣಿನಿಂದ ನೋಡಿ ಹೇಳಿದ. ಅವತ್ತಿನಿಂದ ಅವನು ಆರಿಸುವ ಸಾಲಿನಲ್ಲಿ. ಸಂಬಳವೂ ಅದರದ್ದೇ.

ಇಷ್ಟಕ್ಕೇ ಮುಗಿಯಲಿಲ್ಲ. ಡಿಸೆಂಬರ್ 7ಕ್ಕೆ ಸೌದಿಯ ದಿರಿಯಾದಲ್ಲಿ ಮರುಪಂದ್ಯ. ರೂಯಿಸ್ ಇನ್ನೂ ಏಳು ಕಿಲೋ ಏರಿಸಿಕೊಂಡು 128 ಕಿಲೋ ದಾಟಿ ಬಂದ. ಜೋಶುವಾ 112ರಿಂದ 107ಕ್ಕೆ ಇಳಿದು ಬಂದ. 12 ಸುತ್ತೂ ದೂರವೇ ನಿಂತು, ಎಡಗೈ ಚಾಚಿ, ಹೊಡೆದು ಸರಿದು, ಹತ್ತಿರ ಬಿಡದೆ ಗೆದ್ದ. ಮೂವರು ತೀರ್ಪುಗಾರರೂ ದೊಡ್ಡ ಅಂತರದಲ್ಲಿ ಅವನಿಗೇ ಕೊಟ್ಟರು. ತಯಾರಿ ಸರಿಯಾಗಿ ಮಾಡಲಿಲ್ಲ, ಸಂಭ್ರಮದಲ್ಲೇ ತಿಂಗಳು ಕಳೆದವು ಅಂತ ರೂಯಿಸ್ ತಾನೇ ಒಪ್ಪಿಕೊಂಡ.

ನಮ್ಮಲ್ಲೂ ಅದೇ ಹೊತ್ತಿಗೆ ಹುಡುಗ ಆರಿಸಿದ ಚೀಲದಲ್ಲಿ ಒಂದು ತಿರುಗಿ ಬಂತು. ಪಟೋರ ಬೆರೆತಿದೆ ಅಂತ ಅಡಿಕೆ ಕೊಂಡ ಪಾರ್ಟಿಯವರ ದೂರು. ಗೋಡೌನಿನಲ್ಲಿ ಮತ್ತೆ ಅದೇ ಸ್ವರ. ನೋಡಿದಿರಾ, ಆಗಲೇ ಹೇಳಿದ್ದೆವು, ಅವತ್ತು ಬರೀ ಅದೃಷ್ಟ. ಅವನನ್ನು ತಕ್ಕಡಿಗೇ ವಾಪಸ್ ಹಾಕು ಅಂತ ಮಾಲಕರು ಹೇಳಿದರು.

ನಾನು ಒಪ್ಪಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮಾಲಕರ ಮಾತಿಗೆ ಎದುರು ಹೇಳಿದ್ದು ಅದೇ ಮೊದಲು. ಆ ಚೀಲದ ದಿನಾಂಕ ನೋಡಿದೆ. ಲೋಡ್ ತಡ ಆಗುತ್ತದೆ ಅಂತ ನಾನೇ ಅವನನ್ನು ರಾತ್ರಿ ಎಂಟೂವರೆವರೆಗೆ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದ ದಿನ. ಸಣ್ಣ ಬಿರುಕು ಕಾಣಬೇಕಾದರೆ ಹಗಲಿನ ಬೆಳಕೇ ಬೇಕು, ಈ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಹತ್ತು ಗಂಟೆ ಆರಿಸಿ ಬೆರಳು ಮರಗಟ್ಟಿದ ಮೇಲೆ ಮುಟ್ಟಿಯೂ ಗೊತ್ತಾಗುವುದಿಲ್ಲ. ತಪ್ಪು ನನ್ನದು ಅಂತ ಹೇಳಿದೆ. ರೂಯಿಸನ ಸೋಲಿಗೂ ಇದಕ್ಕೂ ವ್ಯತ್ಯಾಸ ಉಂಟು. ಅಲ್ಲಿ ತಯಾರಿ ಬಿಟ್ಟದ್ದು ಅವನೇ, ಇಲ್ಲಿ ಬೆಳಕು ಕೊಡದೆ ಕೂರಿಸಿದ್ದು ನಾನು. ಆದರೆ ಎರಡು ಕಡೆಯೂ ಜೂನಿನಲ್ಲಿ ಇದ್ದ ಕೈ ಡಿಸೆಂಬರಿನಲ್ಲಿ ಸುಳ್ಳಾಗಲಿಲ್ಲ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಮೈಕ್ ಟೈಸನ್‌ನನ್ನು ಹತ್ತನೇ ಸುತ್ತಿನಲ್ಲಿ ಬೀಳಿಸಿದ ಬಸ್ಟರ್ ಡಗ್ಲಸ್ ಅದೇ ಅಕ್ಟೋಬರಿನಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಮೈ ಬೆಳೆಸಿಕೊಂಡು ಬಂದು ಮೂರೇ ಸುತ್ತಿಗೆ ಸೋತ. ಹಾಗಂತ ಟೋಕಿಯೋದ ರಾತ್ರಿ, ಅಮ್ಮ ತೀರಿಕೊಂಡು ಒಂದು ತಿಂಗಳೂ ಆಗದೆ ಇರುವಾಗ ಅವನು ಆಡಿದ ಆ ಆಟ, ಇಲ್ಲದೆ ಹೋಗುತ್ತದಾ?

ಮಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ, ನಿನ್ನ ಜವಾಬ್ದಾರಿ ಅಂದರು. ಸಂಜೆ ಆರರ ಮೇಲೆ ಆರಿಸುವುದನ್ನು ನಿಲ್ಲಿಸಿದೆವು. ಪೂರ್ವದ ಗೋಡೆಯಲ್ಲಿ ಎರಡು ಕಿಟಕಿ ಒಡೆಸಿದೆವು, ಮಾಡಿನ ಎರಡು ಶೀಟು ತೆಗೆದು ಬೆಳಕಿನ ಶೀಟು ಹಾಕಿಸಿದೆವು. ಹುಡುಗ ಈಗಲೂ ಆ ಕಿಟಕಿಯ ಹತ್ತಿರವೇ ಕೂರುತ್ತಾನೆ.

ಕಳೆದ ವಾರ ನೀರ್ಚಾಲು ಕಡೆಯಿಂದ ಒಬ್ಬರು ಹೆಂಗಸು ಕೆಲಸ ಕೇಳಿಕೊಂಡು ಬಂದರು. ವಯಸ್ಸು 50 ದಾಟಿರಬಹುದು. ಕಾಲು ಸ್ವಲ್ಪ ಎಳೆದು ನಡೆಯುತ್ತಾರೆ. ನಾನು ಏನೂ ಕೇಳಲಿಲ್ಲ. ಕಿಟಕಿಯ ಹತ್ತಿರ ಮಣೆ ಹಾಕಿ, ಎದುರಿಗೆ ಒಂದು ಬುಟ್ಟಿ ಅಡಿಕೆ ಇಟ್ಟು, ಅರ್ಧ ಗಂಟೆ ಆರಿಸಿ ಅಂದೆ. ಪಕ್ಕದಲ್ಲಿ ಹುಡುಗ ತನ್ನ ಪಾಡಿಗೆ ಆರಿಸುತ್ತಿದ್ದ. ಹತ್ತು ನಿಮಿಷ ಆಗಿರಬಹುದು, ಅವನು ತಲೆ ಎತ್ತಿ ಅವರ ಕೈಯನ್ನೇ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಹೋಗಿ ಹಾಜರಿ ಪುಸ್ತಕ ತಂದೆ.