ಶಾಸನಗಳ ಜಾಲತಾಣ: ವರ್ಡ್‌ಪ್ರೆಸ್ ಬಿಟ್ಟು ಡ್ರೂಪಲ್ ಹಿಡಿದ ಕಾರಣ

ಹಾಸನ ಜಿಲ್ಲೆಯ ಶಾಸನಗಳ ಪಾಠ, ಚಿತ್ರ ಮತ್ತು ಅರ್ಥ ಒಂದೇ ಕಡೆ ಸಿಗುವಂತೆ ಮಾಡುವ ನಮ್ಮ ಕೆಲಸ ಬಹುಕಾಲ ಒಂದೇ ಪ್ರಶ್ನೆಗೆ ಸಿಕ್ಕಿಕೊಂಡು ನಿಂತಿತ್ತು. ಈಗ ಅದು ಬಗೆಹರಿದಿದೆ: ಜಾಲತಾಣ ಕಟ್ಟುವ ತಂತ್ರಾಂಶಗಳಲ್ಲಿ ವರ್ಡ್‌ಪ್ರೆಸ್ ಬಿಟ್ಟು ಡ್ರೂಪಲ್ ಹಿಡಿದಿದ್ದೇವೆ. ತಾಣದ ಹೊರರೂಪದ (ಥೀಮ್) ಆಯ್ಕೆ, ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಂದದ್ದು ಇವನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಕಾಡಿದ್ದು ಪುಟಗಳ ಕನ್ನಡ ಜಾಲವಿಳಾಸ (ಯುಆರ್‌ಎಲ್).

ವರ್ಡ್‌ಪ್ರೆಸ್ ಪುಟದ ಹೆಸರನ್ನು ಪರ್ಸೆಂಟ್ ಎನ್‌ಕೋಡಿಂಗ್ ರೂಪದಲ್ಲಿಯೇ (ಪ್ರತಿ ಬೈಟನ್ನೂ % ಚಿಹ್ನೆ ಮತ್ತು ಎರಡು ಅಕ್ಷರ-ಅಂಕಿಗಳಾಗಿ ಬರೆದು) ದತ್ತಸಂಚಯಕ್ಕೆ ಹಾಕುತ್ತದೆ, ಮತ್ತು ಆ ಅಂಕಣದ ಮಿತಿ 200 ಸ್ಥಾನ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಅಲ್ಲಿ 9 ಸ್ಥಾನ ಬೇಕು; ಗುಣಿತದ ಚಿಹ್ನೆ, ಹಲಂತ ಎಲ್ಲವೂ ಬೇರೆ ಬೇರೆ ಸಂಕೇತಗಳಾದ್ದರಿಂದ 22 ಸಂಕೇತಗಳಿಗೆ ಲೆಕ್ಕ ಮುಗಿಯುತ್ತದೆ. ‘ಹಾಸನ ಜಿಲ್ಲೆ ಬೇಲೂರು ತಾಲ್ಲೂಕು ಹಲ್ಮಿಡಿ ಗ್ರಾಮದ ಶಾಸನ’ ಎಂಬ ಶೀರ್ಷಿಕೆಯ ವಿಳಾಸ ‘ಹಾಸನ-ಜಿಲ್ಲೆ-ಬೇಲೂರು-ತಾಲ್ಲ’ ಎಂಬಲ್ಲಿಗೆ ತುಂಡಾಗುತ್ತದೆ. ಹೀಗೆ ಹೆಸರಿಟ್ಟ ಬೇಲೂರು ತಾಲ್ಲೂಕಿನ ಪ್ರತಿಯೊಂದು ಶಾಸನಕ್ಕೂ ಅದೇ ಮೊಂಡು ವಿಳಾಸ, ಬಾಲಕ್ಕೆ 2, 3 ಎಂಬ ಅಂಕಿ ಮಾತ್ರ ಬೇರೆ. ಕೈಯಿಂದ ಚಿಕ್ಕ ಹೆಸರು ಕೊಡಬಹುದು, ನಿಜ. ಆದರೆ ಪಾಠ ಬೆರಳಚ್ಚಿಸುವವರು ಹಲವರು, ಅವರ ಗಮನವೆಲ್ಲ ಪಾಠದ ಮೇಲೆಯೇ ಇರಬೇಕೆಂಬುದು ನನ್ನ ಆಸೆ.

ವಿಳಾಸಕ್ಕೆ ಶಾಸನಸಂಖ್ಯೆಯನ್ನೇ ಬಳಸಬಹುದೆಂಬ ಸಲಹೆಯೂ ಬಂತು. ಆದರೆ ಬಿ. ಎಲ್. ರೈಸ್ ಅವರ ಶಾಸನಸಂಕಲನ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ 1902ರದು. 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನಕ್ಕೆ ಅದರಲ್ಲಿ ಸಂಖ್ಯೆ ಎಲ್ಲಿಂದ ಬರಬೇಕು? ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆಯೇ ಬೇರೆ. ಆದ್ದರಿಂದ ಸಂಖ್ಯೆಗಳು ಒಳಗಿನ ಮಾಹಿತಿಯಾಗಿ ಇರಲಿ, ವಿಳಾಸವಾಗುವುದು ಬೇಡ.

ಬೇರೆ ತಂತ್ರಾಂಶಗಳನ್ನೂ ನೋಡಿದೆ. ವಿಕಿಪೀಡಿಯ ನಡೆಯುವ ತಂತ್ರಾಂಶವಾದ ಮೀಡಿಯಾವಿಕಿಯ ಶೀರ್ಷಿಕೆಗೆ 255 ಬೈಟ್, ಎಂದರೆ 85 ಕನ್ನಡ ಸಂಕೇತಗಳು. ನಮಗೆ ಅಷ್ಟು ಸಾಕು. ಆದರೆ ಅರಸ, ಶಕವರ್ಷ, ಲಿಪಿ, ದೊರೆತ ಸ್ಥಳ ಇವನ್ನು ಪ್ರತ್ಯೇಕ ಅಂಕಣಗಳಲ್ಲಿ ಇಟ್ಟು ಶೋಧಿಸುವುದಕ್ಕೆ ಅಲ್ಲಿ ಮತ್ತೊಂದು ವಿಸ್ತರಣೆಯನ್ನು ಅವಲಂಬಿಸಬೇಕು. ಸಿದ್ಧ ಪುಟಗಳನ್ನು ಮೊದಲೇ ತಯಾರಿಸಿಡುವ ಹ್ಯೂಗೊ ವೇಗದಲ್ಲಿ ಎಲ್ಲವನ್ನೂ ಮೀರಿಸುತ್ತದೆಯಾದರೂ, ಕಡತಗಳ ಬದಲಾವಣೆ ದಾಖಲಿಸುವ ಗಿಟ್ ಕಲಿಯಿರಿ ಎಂದು ಹಿರಿಯ ಲಿಪಿತಜ್ಞರಿಗೆ ಹೇಳುವುದು ನ್ಯಾಯವಲ್ಲ.

ಡ್ರೂಪಲ್ ವಿಳಾಸವನ್ನು ಕನ್ನಡ ಅಕ್ಷರಗಳಲ್ಲಿಯೇ ಉಳಿಸಿಕೊಳ್ಳುತ್ತದೆ, ಮಿತಿ 255 ಸಂಕೇತ. ವಿಳಾಸವನ್ನು ತಾನಾಗಿ ರಚಿಸುವ ಪಾಥ್‌ಆಟೊ ಎಂಬ ಅದರ ವಿಸ್ತರಣೆ ಹಾಕಿದ ಕೂಡಲೇ ಮಾತ್ರ ಕನ್ನಡವೆಲ್ಲ ರೋಮನ್ ಲಿಪಿಗೆ ತಿರುಗಿತು. ಅದರ ಲಿಪ್ಯಂತರದ ಆಯ್ಕೆಯನ್ನು ತೆಗೆದುಹಾಕಿ, ಉದ್ದದ ಮಿತಿಯನ್ನು 100ರಿಂದ ಏರಿಸಿ, ತಾಲ್ಲೂಕು ಮತ್ತು ಊರಿನ ಅಂಕಣಗಳಿಂದ ಮಾದರಿ ಕಟ್ಟಿದ ಮೇಲೆ ‘/ಬೇಲೂರು/ಹಲ್ಮಿಡಿ’ ಎಂಬ ವಿಳಾಸ ತಾನಾಗಿ ಮೂಡಿತು. ಅದನ್ನು ಕಂಡು ಆದ ಸಂತೋಷ ಸಣ್ಣದಲ್ಲ. ಒಂದೇ ಊರಿನಲ್ಲಿ ಹಲವು ಶಾಸನಗಳಿದ್ದರೆ ಕಲ್ಲು ನಿಂತಿರುವ ಜಾಗದ ಹೆಸರೂ ಸೇರುತ್ತದೆ.

ಜಾಲತಾಣ ಇಡಲು ಸರ್ವರ್ ಜಾಗ (ಹೋಸ್ಟಿಂಗ್) ಮಾರಿದವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಮಿತಿಯಿಲ್ಲದ ಸ್ಥಳವೆಂದು ಜಾಹೀರಾತು ಕೊಟ್ಟು ಕಡತಗಳ ಸಂಖ್ಯೆಗೆ ಮಿತಿ ಹಾಕಿದ್ದರು, ಡ್ರೂಪಲ್‌ನ ಭಾಗಗಳನ್ನು ತಂದು ಜೋಡಿಸುವ ಕಂಪೋಸರ್ ಓಡಿಸಲು ಕಮಾಂಡ್ ಲೈನ್ (ಆಜ್ಞೆ ಬರೆದು ನಡೆಸುವ ಕಿಟಕಿ) ಕೂಡ ಕೊಟ್ಟಿರಲಿಲ್ಲ. ಡ್ರೂಪಲ್‌ನಂತಹ ಸಾವಿರಾರು ಕಡತಗಳ ವ್ಯವಸ್ಥೆಗೆ ಇವೆರಡೂ ಮಾರಕ. ಈಗ ನಿಯಂತ್ರಣ ನಮ್ಮ ಕೈಯಲ್ಲೇ ಇರುವ ಬಾಡಿಗೆಯ ಸರ್ವರ್‌ಗೆ (ವಿಪಿಎಸ್) ಸಾಗಿದ್ದೇವೆ.

ಮುಂದಿನ ಯೋಜನೆ ಈಗಾಗಲೇ ಮನಸ್ಸಿನಲ್ಲಿದೆ: ಸವೆದ ವೀರಗಲ್ಲುಗಳಿಗೆ ರಾತ್ರಿ ಹೊತ್ತು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಕ್ಯಾಮೆರಾ ಕದಲಿಸದೆ ಹಲವು ಕೋನಗಳ ಚಿತ್ರ ತೆಗೆಯುವುದು. ಒಂದು ಶಾಸನಕ್ಕೆ ಎಷ್ಟು ಚಿತ್ರಗಳಾದರೂ ಸೇರುವಂತೆ ಚಿತ್ರದ ಅಂಕಣವನ್ನು ಈಗಲೇ ತೆರೆದಿಟ್ಟಿದ್ದೇನೆ.